ಬೇಸಿಗೆ ಕ್ರಿಕೆಟ್‌ನ ಪ್ರಸಾರ ಹಕ್ಕು: ಬೆಲೆ ಕಟ್ಟುವವರು ಯಾರು, ತೆರುವವರು ಯಾರು?

ಮಾರ್ಚ್ ತಿಂಗಳ ಉತ್ತರಾರ್ಧದಿಂದ ಮೇ ಅಂತ್ಯದವರೆಗಿನ ಅವಧಿಯು ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ವರ್ತಕರಿಗೆ ಬಿಡುವಿಲ್ಲದ ಕಾಲ. ಮದುವೆಯ ಜವಳಿ, ಫ್ಯಾನು, ಕೂಲರ್, ತಂಪು ಪಾನೀಯ, ಶಾಲಾ ಸಾಮಗ್ರಿ ಇವೆಲ್ಲದರ ಮಾರಾಟ ಈ ಎರಡೂವರೆ ತಿಂಗಳಲ್ಲೇ ಏರುತ್ತದೆ. ಇಂಡಿಯನ್ ಪ್ರೀಮಿಯರ್ ಲೀಗ್, ಅಂದರೆ ಐ.ಪಿ.ಎಲ್. ಕ್ರಿಕೆಟ್ ಪಂದ್ಯಾವಳಿ ನಡೆಯುವುದೂ ಇದೇ ಅವಧಿಯಲ್ಲಿ. ಸಂಜೆ ಏಳೂವರೆಗೆ ಪಂದ್ಯ ಆರಂಭವಾದ ಮೇಲೆ ಪೇಟೆಯ ಗಿರಾಕಿಗಳ ಓಡಾಟ ಕಡಿಮೆಯಾಗುವುದನ್ನೂ, ಟಿ.ವಿ. ಇಟ್ಟಿರುವ ಹೋಟೆಲುಗಳಲ್ಲಿ ಜನ ಹೆಚ್ಚು ಹೊತ್ತು ಕೂರುವುದನ್ನೂ ವರ್ತಕರು ಬಲ್ಲರು.

ಈ ಪಂದ್ಯಗಳನ್ನು ಯಾವ ವಾಹಿನಿ ತೋರಿಸಬೇಕೆಂಬುದು ದೂರದ ಮುಂಬಯಿಯಲ್ಲಿ ಸಾವಿರಾರು ಕೋಟಿ ರೂಪಾಯಿಗಳ ಬಿಡ್ಡಿನ ಮೂಲಕ ತೀರ್ಮಾನವಾಗುತ್ತದೆ. ಅದು ದೊಡ್ಡ ಕಂಪನಿಗಳ ವಿಷಯ, ಸ್ಥಳೀಯ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸಾಮಾನ್ಯ. ಆದರೆ ಆ ಸಾವಿರಾರು ಕೋಟಿ ಮರಳಿ ಬರಬೇಕಾದದ್ದು ಮನೆಮನೆಯ ಕೇಬಲ್ ಚಂದಾ, ಮೊಬೈಲ್ ರೀಚಾರ್ಜ್ ಮತ್ತು ಅಂಗಡಿಯಲ್ಲಿ ಮಾರಾಟವಾಗುವ ವಸ್ತುಗಳ ಬೆಲೆಯೊಳಗೆ ಸೇರಿರುವ ಜಾಹೀರಾತು ವೆಚ್ಚದಿಂದಲೇ. ಈ ವ್ಯವಹಾರ ಹೇಗೆ ನಡೆಯುತ್ತದೆ, ಇದರಲ್ಲಿ ಸಣ್ಣ ವರ್ತಕರ ಮತ್ತು ಉದ್ದಿಮೆದಾರರ ಲಾಭ, ನಷ್ಟ, ಎಚ್ಚರಿಕೆಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಸಾರ ಹಕ್ಕು ಸರಕಾದ ಬಗೆ

ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದ ಜಿ.ಆರ್. ವಿಶ್ವನಾಥ್ ಅವರು 1969ರಿಂದ 1983ರವರೆಗೆ ಭಾರತದ ಪರವಾಗಿ 91 ಟೆಸ್ಟ್ ಪಂದ್ಯಗಳನ್ನು ಆಡಿದರು. ಆ ಕಾಲದಲ್ಲಿ ದೇಶದಲ್ಲಿ ಪ್ರಸಾರ ಹಕ್ಕು ಎಂಬುದು ಪೈಪೋಟಿಯಿಂದ ಮಾರಾಟವಾಗುವ ಸರಕಾಗಿರಲಿಲ್ಲ. ಪ್ರಸಾರವೆಲ್ಲ ಆಕಾಶವಾಣಿ ಮತ್ತು ದೂರದರ್ಶನದ ಕೈಯಲ್ಲಿತ್ತು. ಕೊಳ್ಳುವವರು ಒಬ್ಬರೇ ಇರುವ ಪೇಟೆಯಲ್ಲಿ ಬೆಲೆ ಏರುವುದಿಲ್ಲ ಎಂಬುದು ವರ್ತಕರಿಗೆ ಹೇಳಬೇಕಾದ ಮಾತಲ್ಲ.

1990ರ ದಶಕದ ಆರಂಭದಲ್ಲಿ ಉಪಗ್ರಹ ವಾಹಿನಿಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 1993ರ ಹೀರೋ ಕಪ್ ಪಂದ್ಯಾವಳಿಯ ಪ್ರಸಾರವನ್ನು ಬಂಗಾಳ ಕ್ರಿಕೆಟ್ ಸಂಸ್ಥೆಯು ವಿದೇಶಿ ಸಂಸ್ಥೆಯೊಂದಕ್ಕೆ ವಹಿಸಿದಾಗ ಉದ್ಭವಿಸಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಫೆಬ್ರವರಿಯಲ್ಲಿ ನೀಡಿದ ತೀರ್ಪಿನಲ್ಲಿ ನ್ಯಾಯಾಲಯವು ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕಾಗಲಿ ಬೇರೆ ಯಾರಿಗಾಗಲಿ ಏಕಸ್ವಾಮ್ಯವಿಲ್ಲ ಎಂದು ಸ್ಪಷ್ಟಪಡಿಸಿತು. ಅಲ್ಲಿಂದ ಮುಂದೆ ಪಂದ್ಯ ಏರ್ಪಡಿಸುವ ಸಂಸ್ಥೆಯು ತನ್ನ ಪಂದ್ಯದ ಪ್ರಸಾರವನ್ನು ಹೆಚ್ಚು ಬೆಲೆ ಕೊಟ್ಟವರಿಗೆ ಮಾರುವ ದಾರಿ ಸುಗಮವಾಯಿತು.

ಈ ಸರಕಿನ ಒಂದು ವಿಶೇಷವನ್ನು ಗಮನಿಸಬೇಕು. ಅಡಿಕೆ, ಅಕ್ಕಿ, ಕಬ್ಬಿಣದ ಎರಕದ ಸರಕುಗಳನ್ನು ಇಂದು ಮಾರದಿದ್ದರೆ ನಾಳೆ ಮಾರಬಹುದು. ಪಂದ್ಯದ ನೇರ ಪ್ರಸಾರಕ್ಕೆ ಬೆಲೆ ಇರುವುದು ಅದು ನಡೆಯುವ ಮೂರೂವರೆ ನಾಲ್ಕು ಗಂಟೆಗಳ ಕಾಲ ಮಾತ್ರ. ಫಲಿತಾಂಶ ತಿಳಿದ ಮರುಕ್ಷಣ ಅದರ ಬೆಲೆ ಕುಸಿಯುತ್ತದೆ. ಧಾರಾವಾಹಿ ಅಥವಾ ಚಲನಚಿತ್ರವನ್ನು ವೀಕ್ಷಕರು ಬಿಡುವಾದಾಗ ನೋಡಿ ಜಾಹೀರಾತನ್ನು ದಾಟಿಸಿಬಿಡಬಹುದು. ಪಂದ್ಯವನ್ನಾದರೋ ಎಲ್ಲರೂ ಒಂದೇ ಸಮಯದಲ್ಲಿ, ಜಾಹೀರಾತಿನ ಸಮೇತ ನೋಡುತ್ತಾರೆ. ವಾಹಿನಿಗಳು ಬೇರೆ ಕಾರ್ಯಕ್ರಮಗಳಿಗಿಂತ ಕ್ರಿಕೆಟ್ಟಿಗೆ ಹೆಚ್ಚು ಹಣ ಸುರಿಯಲು ಇದೇ ಮುಖ್ಯ ಕಾರಣ.

ಟೆಂಡರಿನಿಂದ ಹರಾಜಿಗೆ

ಐ.ಪಿ.ಎಲ್. ಪ್ರಸಾರ ಹಕ್ಕಿನ ಬೆಲೆ ಏರಿದ ಬಗೆ ಹೀಗಿದೆ:

2008: ಸೋನಿ ವಾಹಿನಿ ಮತ್ತು ವರ್ಲ್ಡ್ ಸ್ಪೋರ್ಟ್ ಗ್ರೂಪ್ ಜಂಟಿಯಾಗಿ 10 ವರ್ಷಗಳ ಅವಧಿಗೆ ಸುಮಾರು 102 ಕೋಟಿ ಡಾಲರ್ ನೀಡಲು ಒಪ್ಪಿದವು. 2009ರಲ್ಲಿ ಆ ಒಪ್ಪಂದ ರದ್ದಾಗಿ, 9 ವರ್ಷಗಳಿಗೆ ಸುಮಾರು 163 ಕೋಟಿ ಡಾಲರ್ ಎಂದು ಹೊಸ ಒಪ್ಪಂದವಾಯಿತು.

2017: ಸ್ಟಾರ್ ಇಂಡಿಯಾ ಸಂಸ್ಥೆಯು 2018ರಿಂದ 2022ರವರೆಗಿನ 5 ವರ್ಷಗಳಿಗೆ 16,347.50 ಕೋಟಿ ರೂಪಾಯಿ ಕೊಟ್ಟು ಟಿ.ವಿ., ಡಿಜಿಟಲ್ ಮತ್ತು ವಿದೇಶಿ ಹಕ್ಕುಗಳೆಲ್ಲವನ್ನೂ ಪಡೆಯಿತು.

2022: 2023ರಿಂದ 2027ರವರೆಗಿನ 5 ವರ್ಷಗಳ ಹಕ್ಕುಗಳು ಒಟ್ಟು 48,390 ಕೋಟಿ ರೂಪಾಯಿಗೆ ಮಾರಾಟವಾದವು.

2017ರಲ್ಲಿ ಅನುಸರಿಸಿದ್ದು ಮುಚ್ಚಿದ ಟೆಂಡರ್ ಪದ್ಧತಿ. ಶಿವಮೊಗ್ಗದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಅಡಿಕೆ ಟೆಂಡರಿನ ಪರಿಚಯವುಳ್ಳವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಖರೀದಿದಾರನು ರಾಶಿಯನ್ನು ನೋಡಿ ತನ್ನ ದರ ನಮೂದಿಸುತ್ತಾನೆ. ಪಕ್ಕದವನು ಎಷ್ಟು ನಮೂದಿಸಿದ್ದಾನೆಂಬುದು ಆತನಿಗೆ ತಿಳಿಯದು. 2017ರಲ್ಲಿ ಬೇರೆ ಬೇರೆ ವಿಭಾಗಗಳಿಗೆ ಬಂದ ಅತಿ ಹೆಚ್ಚಿನ ಬಿಡ್ಡುಗಳ ಒಟ್ಟು ಮೊತ್ತ 15,819.51 ಕೋಟಿ ರೂಪಾಯಿ. ಎಲ್ಲವನ್ನೂ ಒಟ್ಟಾಗಿ ಕೇಳಿದ ಸ್ಟಾರ್ ಸಂಸ್ಥೆಯ ಮೊತ್ತ ಅದಕ್ಕಿಂತ ಸುಮಾರು 528 ಕೋಟಿ ಹೆಚ್ಚಿದ್ದುದರಿಂದ ಹಕ್ಕು ಅದರ ಪಾಲಾಯಿತು. ಭಾರತದ ಟಿ.ವಿ. ಹಕ್ಕಿಗೆ ಮಾತ್ರ ಸೋನಿ ಸಂಸ್ಥೆ 11,050 ಕೋಟಿ ರೂಪಾಯಿ ಬರೆದಿತ್ತು. ಡಿಜಿಟಲ್ ಹಕ್ಕಿಗೆ ಫೇಸ್‌ಬುಕ್ 3,900 ಕೋಟಿ ಬರೆದಿತ್ತು. ಬಿಡಿಬಿಡಿಯಾಗಿ ಹೆಚ್ಚು ಬೆಲೆ ಕೇಳಿದವರೂ ಒಟ್ಟು ಲೆಕ್ಕದಲ್ಲಿ ಸೋತರು.

2022ರ ಜೂನ್ ತಿಂಗಳಲ್ಲಿ ಪದ್ಧತಿ ಬದಲಾಯಿತು. ಮುಚ್ಚಿದ ಟೆಂಡರಿನ ಬದಲು ಗಣಕಯಂತ್ರದ ಮೂಲಕ ಬಹಿರಂಗ ಹರಾಜು ನಡೆಯಿತು. ಹಕ್ಕುಗಳನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಪ್ರತಿ ಪಂದ್ಯಕ್ಕೆ ಇಷ್ಟೆಂದು ಮೂಲ ಬೆಲೆ ಗೊತ್ತುಮಾಡಲಾಯಿತು. ಟಿ.ವಿ. ಹಕ್ಕಿನ ಮೂಲ ಬೆಲೆ ಪಂದ್ಯಕ್ಕೆ 49 ಕೋಟಿ ರೂಪಾಯಿ, ಡಿಜಿಟಲ್ ಹಕ್ಕಿನದು 33 ಕೋಟಿ. ಹರಾಜು ಮೂರು ದಿನ ನಡೆದು ಟಿ.ವಿ. ಹಕ್ಕು 57.50 ಕೋಟಿಗೆ ನಿಂತಿತು. ಡಿಜಿಟಲ್ ಹಕ್ಕು 50 ಕೋಟಿಗೆ ಏರಿತು. ಮೊದಲನೆಯದರ ಏರಿಕೆ ಮೂಲ ಬೆಲೆಯ ಆರನೆಯ ಒಂದು ಭಾಗದಷ್ಟು, ಎರಡನೆಯದರ ಏರಿಕೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಗಿರಾಕಿ ಎಲ್ಲಿದ್ದಾನೆಂದು ಬಿಡ್ಡುದಾರರು ಎಣಿಸಿದ್ದರೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಭಾರತದ ಟಿ.ವಿ. ಹಕ್ಕು 23,575 ಕೋಟಿ ರೂಪಾಯಿಗೆ ಸ್ಟಾರ್ ಸಂಸ್ಥೆಗೆ ಹೋಯಿತು. ಡಿಜಿಟಲ್ ಹಕ್ಕಿನ ಎರಡು ಭಾಗಗಳು ರಿಲಯನ್ಸ್ ಸಮೂಹದ ವಯಾಕಾಂ 18 ಸಂಸ್ಥೆಗೆ ಒಟ್ಟು ಸುಮಾರು 23,757 ಕೋಟಿಗೆ ಹೋದವು. ಟಿ.ವಿ.ಗಿಂತ ಮೊಬೈಲಿನ ಹಕ್ಕು ಹೆಚ್ಚು ಬೆಲೆಗೆ ಮಾರಾಟವಾದದ್ದು ಐ.ಪಿ.ಎಲ್. ಇತಿಹಾಸದಲ್ಲಿ ಅದೇ ಮೊದಲು. 2015ರಿಂದ 2017ರವರೆಗಿನ ಮೂರು ವರ್ಷಗಳ ಡಿಜಿಟಲ್ ಹಕ್ಕು ಕೇವಲ 302.20 ಕೋಟಿ ರೂಪಾಯಿಗೆ ಮಾರಾಟವಾಗಿತ್ತೆಂಬುದನ್ನು ನೆನೆದರೆ ಈ ಏರಿಕೆಯ ಪ್ರಮಾಣ ತಿಳಿಯುತ್ತದೆ.

ಒಂದು ಪಂದ್ಯದ ಆಯವ್ಯಯ

ಹಕ್ಕು ಕೊಂಡವರು ಹಣ ಮರಳಿ ಪಡೆಯುವ ದಾರಿಗಳು ಎರಡೇ: ಜಾಹೀರಾತು ಮತ್ತು ಚಂದಾ. ಟಿ.ವಿ. ಹಕ್ಕಿಗೆ ಪಂದ್ಯವೊಂದಕ್ಕೆ 57.50 ಕೋಟಿ ರೂಪಾಯಿ ಕೊಟ್ಟವರು ಅದಷ್ಟನ್ನೂ ಜಾಹೀರಾತಿನಿಂದಲೇ ಪಡೆಯಲು ಹೊರಟರೆ ಏನಾದೀತೆಂದು ನೋಡೋಣ. ಲೆಕ್ಕದ ಅನುಕೂಲಕ್ಕಾಗಿ 10 ಸೆಕೆಂಡಿನ ಜಾಹೀರಾತಿಗೆ 10 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, 575 ಜಾಹೀರಾತುಗಳು ಬೇಕು. ಅಂದರೆ 5,750 ಸೆಕೆಂಡು, ಸುಮಾರು 96 ನಿಮಿಷ. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು. ಆ ಹನ್ನೆರಡರಲ್ಲಿ 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ ಮೀಸಲು. ನಾಲ್ಕು ಗಂಟೆಗಳ ಪಂದ್ಯಕ್ಕೆ ಇದು ಹೆಚ್ಚೆಂದರೆ 48 ನಿಮಿಷವಾಗುತ್ತದೆ. ಜಾಹೀರಾತೊಂದರಿಂದಲೇ ಹಕ್ಕಿನ ಹಣ ಹುಟ್ಟುವುದು ಕಷ್ಟವೆಂಬುದು ಇದರಿಂದ ಸ್ಪಷ್ಟ. ಉಳಿದ ಭಾರ ಚಂದಾದಾರರ ಮೇಲೆ ಬೀಳುತ್ತದೆ.

ಜಾಹೀರಾತು ನೀಡುವವರ ಪಟ್ಟಿಯೂ ಸ್ಥಿರವಲ್ಲ. ಹಲವು ವರ್ಷ ಹಣ ಪಣವಾಗಿಡುವ ಆನ್‌ಲೈನ್ ಆಟಗಳ ಕಂಪನಿಗಳು ಕ್ರಿಕೆಟ್ ಪ್ರಸಾರದ ದೊಡ್ಡ ಜಾಹೀರಾತುದಾರರಾಗಿದ್ದವು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆಯು ಅಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಒಂದು ದೊಡ್ಡ ಗಿರಾಕಿ ವರ್ಗವೇ ಹೀಗೆ ಮಾರುಕಟ್ಟೆಯಿಂದ ಹೊರಬಿದ್ದರೂ ಹಕ್ಕಿನ ಕಂತು ಮಾತ್ರ ಕಟ್ಟಲೇಬೇಕು. ಅಂತಹ ಸಂದರ್ಭದಲ್ಲಿ ವಾಹಿನಿಗಳು ಸಣ್ಣ ಜಾಹೀರಾತುದಾರರತ್ತಲೂ ತಿರುಗುತ್ತವೆ. ಇದನ್ನು ಮುಂದೆ ವಿವರಿಸಲಾಗಿದೆ.

ಕೇಬಲ್ ಆಪರೇಟರಿಗೆ ಉಳಿಯುವುದೆಷ್ಟು?

ಶಿವಮೊಗ್ಗ, ಭದ್ರಾವತಿಗಳಂತಹ ನಗರಗಳಲ್ಲಿ ಕೇಬಲ್ ಜಾಲವನ್ನು ಡಿಜಿಟಲ್ ಪದ್ಧತಿಗೆ ಬದಲಾಯಿಸಲು ಕೇಂದ್ರ ಸರ್ಕಾರ ವಿಧಿಸಿದ್ದ ಗಡುವು 2015ರ ಡಿಸೆಂಬರ್ 31. ಅದಕ್ಕೆ ಮೊದಲು ಆಪರೇಟರ್ ತನ್ನ ಬಡಾವಣೆಯ ಒಟ್ಟು ಚಂದಾದಾರರ ಸಂಖ್ಯೆಯನ್ನು ಅಂದಾಜಿನಲ್ಲಿ ತಿಳಿಸಿ ವಾಹಿನಿಗಳೊಡನೆ ಚೌಕಾಸಿ ಮಾಡುತ್ತಿದ್ದನು. ಸೆಟ್ ಟಾಪ್ ಬಾಕ್ಸ್ ಬಂದ ಮೇಲೆ ಪ್ರತಿ ಮನೆಯೂ ಲೆಕ್ಕಕ್ಕೆ ಸಿಕ್ಕಿತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರಲ್ಲಿ ಹೊರಡಿಸಿದ ದರ ಆದೇಶವು 2019ರ ಫೆಬ್ರವರಿಯಿಂದ ಜಾರಿಗೆ ಬಂದಿತು. ಅದರಂತೆ ಪ್ರತಿ ಪಾವತಿ ವಾಹಿನಿಗೂ ಗರಿಷ್ಠ ಮಾರಾಟ ದರ ಪ್ರಕಟಿಸಬೇಕು. ಗುಚ್ಛದಲ್ಲಿ ಸೇರಿಸುವ ವಾಹಿನಿಯ ದರ 19 ರೂಪಾಯಿ ಮೀರಬಾರದೆಂದು ವಿಧಿಸಲಾಯಿತು. ನಡುವೆ ಇದನ್ನು 12 ರೂಪಾಯಿಗೆ ಇಳಿಸಿದ್ದ ಪ್ರಾಧಿಕಾರವು 2022ರ ನವೆಂಬರ್‌ನಲ್ಲಿ ಮತ್ತೆ 19ಕ್ಕೆ ಏರಿಸಿತು.

ಈ 19 ರೂಪಾಯಿ ಹಂಚಿಕೆಯಾಗುವ ಕ್ರಮವನ್ನು ನೋಡಬೇಕು. ವಿತರಣಾ ಶುಲ್ಕವಾಗಿ ಕನಿಷ್ಠ ಶೇ. 20ರಷ್ಟನ್ನು, ಅಂದರೆ 3 ರೂಪಾಯಿ 80 ಪೈಸೆಯನ್ನು, ವಾಹಿನಿಯು ವಿತರಕರಿಗೆ ಬಿಡಬೇಕು. ಬೇರೆ ಒಪ್ಪಂದ ಆಗದಿದ್ದಲ್ಲಿ ಅದರಲ್ಲಿ ಶೇ. 55 ದೊಡ್ಡ ಕೇಬಲ್ ಸಂಸ್ಥೆಗೆ, ಶೇ. 45 ಸ್ಥಳೀಯ ಆಪರೇಟರಿಗೆ ಸೇರುತ್ತದೆ. ಆಪರೇಟರಿಗೆ ಸಿಗುವುದು 1 ರೂಪಾಯಿ 71 ಪೈಸೆ. ಕಂಬಕ್ಕೆ ತಂತಿ ಎಳೆಯುವವನು, ಮಳೆಗಾಲದಲ್ಲಿ ಕಡಿದ ತಂತಿ ಜೋಡಿಸುವವನು, ಪಂದ್ಯದ ನಡುವೆ ಚಿತ್ರ ನಿಂತರೆ ಬೈಗುಳ ಕೇಳುವವನು ಆತನೇ. ವಾಹಿನಿಯ ದರ ಏರಿತೆಂದು ಗಿರಾಕಿಯು ಸಂಪರ್ಕ ಕಡಿದುಕೊಂಡರೆ, ಆಪರೇಟರಿಗೆ ನಷ್ಟವಾಗುವುದು ಆ ಒಂದೂಮುಕ್ಕಾಲು ರೂಪಾಯಿಯಷ್ಟೇ ಅಲ್ಲ. ಮೂಲ ಸಂಪರ್ಕ ಶುಲ್ಕದಲ್ಲಿ ಆತನಿಗಿರುವ ಪಾಲೂ ಹೋಗುತ್ತದೆ.

ಈ ಅಪಾಯ 2023ರಲ್ಲಿ ಎದುರಿಗೆ ಬಂತು. ಆ ವರ್ಷ ವಯಾಕಾಂ 18 ಸಂಸ್ಥೆಯು ಜಿಯೋ ಸಿನೆಮಾ ಮೂಲಕ ಎಲ್ಲ ಐ.ಪಿ.ಎಲ್. ಪಂದ್ಯಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ತೋರಿಸಿತು. ಒಂದು ಕಡೆ ಹಣ ಕೊಟ್ಟು ನೋಡಬೇಕಾದದ್ದು ಇನ್ನೊಂದು ಕಡೆ ಪುಕ್ಕಟೆ ದೊರೆತರೆ ಚಂದಾ ಕಟ್ಟುವವರು ಕಡಿಮೆಯಾಗುವುದು ಸಹಜ. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, ಉಕ್ಕಿನ ಕಾರ್ಖಾನೆಯ ಕೆಲಸ ಕುಗ್ಗಿದ ಮೇಲೆ, ಕಾಗದನಗರ ಮತ್ತು ನ್ಯೂಟೌನ್ ಭಾಗದ ಕುಟುಂಬಗಳಲ್ಲಿ ತಿಂಗಳ ಖರ್ಚಿನ ಪ್ರತಿ ನೂರು ರೂಪಾಯಿಗೂ ಲೆಕ್ಕವಿದೆ. ಅಂತಹ ಮನೆಗಳಲ್ಲಿ ಮೊಬೈಲ್ ರೀಚಾರ್ಜ್ ಮತ್ತು ಕೇಬಲ್ ಚಂದಾ ಎರಡರಲ್ಲಿ ಒಂದನ್ನು ಬಿಡಬೇಕಾದಾಗ ಯಾವುದು ಉಳಿಯುತ್ತದೆಂದು ಹೇಳುವುದು ಕಷ್ಟವೇನಲ್ಲ.

ದೂರದರ್ಶನದಲ್ಲಿ ಏಕೆ ಬರುವುದಿಲ್ಲ?

ಕ್ರಿಕೆಟ್ ಪಂದ್ಯಗಳು ದೂರದರ್ಶನದಲ್ಲಿ ಉಚಿತವಾಗಿ ಬರಬೇಕಲ್ಲವೇ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. 2007ರಲ್ಲಿ ಜಾರಿಗೆ ಬಂದ ಕ್ರೀಡಾ ಪ್ರಸಾರ ಸಂಕೇತಗಳ ಕಡ್ಡಾಯ ಹಂಚಿಕೆ ಕಾಯ್ದೆಯು ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಹಕ್ಕುದಾರ ವಾಹಿನಿಯು ಪ್ರಸಾರ ಭಾರತಿಗೆ ನೀಡಬೇಕೆಂದು ವಿಧಿಸಿದೆ. ಅದರಿಂದ ಬರುವ ಜಾಹೀರಾತು ಆದಾಯದಲ್ಲಿ ಟಿ.ವಿ. ಪ್ರಸಾರವಾದರೆ 75ಕ್ಕೆ 25ರಂತೆ, ಆಕಾಶವಾಣಿಯ ಪ್ರಸಾರವಾದರೆ ಸಮಪಾಲಾಗಿ ಹಂಚಿಕೆಯಾಗುತ್ತದೆ. ಟಿ.ವಿ.ಯ ದೊಡ್ಡ ಪಾಲು ಹಕ್ಕುದಾರ ವಾಹಿನಿಯದು. ಆದರೆ ಐ.ಪಿ.ಎಲ್. ಈ ಪಟ್ಟಿಯಲ್ಲಿ ಸೇರಿಲ್ಲ. ಅದು ಭಾರತ ತಂಡದ ಪಂದ್ಯವಲ್ಲ.

ಭಾರತ ತಂಡದ ಪಂದ್ಯಗಳ ವಿಷಯದಲ್ಲೂ ಒಂದು ಮಿತಿ ಇದೆ. ಹಂಚಿಕೊಂಡ ಸಂಕೇತವು ಪ್ರಸಾರ ಭಾರತಿಯ ಸ್ವಂತ ಭೂ ಪ್ರಸಾರ ಮತ್ತು ಡಿಶ್ ಸೇವೆಗೆ ಮಾತ್ರ ಸೀಮಿತ, ಖಾಸಗಿ ಕೇಬಲ್ ಜಾಲದ ಮೂಲಕ ಅದನ್ನು ತೋರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ತೀರ್ಪು ನೀಡಿತು. ಆದ್ದರಿಂದ ಗ್ರಾಮಾಂತರದಲ್ಲಿ ದೂರದರ್ಶನದ ಉಚಿತ ಡಿಶ್ ಇಟ್ಟುಕೊಂಡವರಿಗೆ ಕಾಣುವ ಪಂದ್ಯವು ನಗರದಲ್ಲಿ ಕೇಬಲ್ ಮೂಲಕ ಅದೇ ದೂರದರ್ಶನ ನೋಡುವವರಿಗೆ ಕಾಣದೆ ಹೋಗಬಹುದು. ಇದು ಆಪರೇಟರಿನ ತಪ್ಪಲ್ಲ ಎಂಬುದನ್ನು ಗಿರಾಕಿಗಳು ತಿಳಿದಿರುವುದು ಒಳಿತು.

ಪೈಪೋಟಿಯಿಂದ ಒಂದೇ ಮನೆಗೆ

ಬಿಡ್ಡಿನಲ್ಲಿ ಗೆದ್ದವರೆಲ್ಲ ವ್ಯಾಪಾರದಲ್ಲಿ ಗೆದ್ದಿಲ್ಲ. 2006ರಲ್ಲಿ ಭಾರತದಲ್ಲಿ ನಡೆಯುವ ಅಂತರರಾಷ್ಟ್ರೀಯ ಪಂದ್ಯಗಳ ಹಕ್ಕನ್ನು ನಾಲ್ಕು ವರ್ಷಗಳಿಗೆ 61.2 ಕೋಟಿ ಡಾಲರ್ ಕೊಟ್ಟು ಪಡೆದಿದ್ದ ನಿಂಬಸ್ ಸಂಸ್ಥೆಯು ಮುಂದಿನ ಅವಧಿಗೂ ಹಕ್ಕು ಪಡೆಯಿತು. ಆದರೆ ಹಣ ಪಾವತಿಯ ಕಾರಣದಿಂದ ಕ್ರಿಕೆಟ್ ಮಂಡಳಿಯು 2011ರ ಡಿಸೆಂಬರ್‌ನಲ್ಲಿ ಆ ಒಪ್ಪಂದವನ್ನು ರದ್ದುಪಡಿಸಿತು. 2022ರಲ್ಲಿ ವಿಶ್ವ ಮಟ್ಟದ ಪಂದ್ಯಾವಳಿಗಳ ಹಕ್ಕು ಪಡೆದ ಸ್ಟಾರ್ ಸಂಸ್ಥೆಯಿಂದ ಟಿ.ವಿ. ಹಕ್ಕನ್ನು ಉಪಗುತ್ತಿಗೆಗೆ ಪಡೆಯಲು ಜೀ ಸಂಸ್ಥೆ ಒಪ್ಪಿತ್ತು. ಆ ಒಪ್ಪಂದವೂ 2024ರಲ್ಲಿ ಮುರಿದುಬಿದ್ದು ವ್ಯಾಜ್ಯವಾಯಿತು. ಹಬ್ಬದ ಮುನ್ನ ಸ್ಪರ್ಧೆಯ ಭರದಲ್ಲಿ ದುಬಾರಿ ಸರಕು ತುಂಬಿಸಿಕೊಂಡು ಹಬ್ಬ ಮುಗಿದ ಮೇಲೆ ಕೈಸುಟ್ಟುಕೊಳ್ಳುವ ವರ್ತಕನ ಸ್ಥಿತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇಂತಹ ನಷ್ಟದ ಭಯವೇ ಪೈಪೋಟಿದಾರರು ಒಂದಾಗಲು ಕಾರಣವಾಗುತ್ತದೆ. 2022ರಲ್ಲಿ ಎದುರುಬದುರಾಗಿ ನಿಂತು ಬಿಡ್ ಮಾಡಿದ ರಿಲಯನ್ಸ್ ಸಮೂಹದ ವಯಾಕಾಂ 18 ಮತ್ತು ಡಿಸ್ನಿಯ ಒಡೆತನದ ಸ್ಟಾರ್ ಇಂಡಿಯಾ ಸಂಸ್ಥೆಗಳ ವಿಲೀನ 2024ರ ನವೆಂಬರ್‌ನಲ್ಲಿ ಪೂರ್ಣಗೊಂಡಿತು. 2025ರ ಫೆಬ್ರವರಿಯಲ್ಲಿ ಎರಡೂ ಸಂಸ್ಥೆಗಳ ಮೊಬೈಲ್ ಸೇವೆಗಳು ಜಿಯೋ ಹಾಟ್‌ಸ್ಟಾರ್ ಎಂಬ ಒಂದೇ ಹೆಸರಿಗೆ ಬಂದವು. ಇದರಿಂದ ಐ.ಪಿ.ಎಲ್.ನ ಟಿ.ವಿ. ಮತ್ತು ಡಿಜಿಟಲ್ ಹಕ್ಕುಗಳೆರಡೂ ಒಂದೇ ಸಂಸ್ಥೆಯ ಕೈ ಸೇರಿದವು.

ಇದರ ಪರಿಣಾಮವನ್ನು ಮೊದಲೇ ಊಹಿಸಿದ್ದ ಭಾರತೀಯ ಸ್ಪರ್ಧಾ ಆಯೋಗವು 2024ರ ಆಗಸ್ಟ್‌ನಲ್ಲಿ ವಿಲೀನಕ್ಕೆ ಒಪ್ಪಿಗೆ ನೀಡುವಾಗ ಕೆಲವು ಷರತ್ತುಗಳನ್ನು ದಾಖಲಿಸಿಕೊಂಡಿತು. ಈಗಿನ ಹಕ್ಕುಗಳ ಅವಧಿ ಮುಗಿಯುವವರೆಗೆ ಕ್ರಿಕೆಟ್ಟಿನ ಟಿ.ವಿ. ಜಾಹೀರಾತು ಮತ್ತು ಡಿಜಿಟಲ್ ಜಾಹೀರಾತುಗಳನ್ನು ಒಂದಕ್ಕೊಂದು ಗಂಟುಹಾಕಿ ಮಾರಬಾರದೆಂಬುದು ಅವುಗಳಲ್ಲಿ ಮುಖ್ಯವಾದದ್ದು. ಒಂದು ವಸ್ತು ಬೇಕೆಂದು ಬಂದವನಿಗೆ ಬೇಡದ ಇನ್ನೊಂದು ವಸ್ತುವನ್ನೂ ಹೊರಿಸುವ ಪದ್ಧತಿಯ ನೋವು ಸಗಟು ವ್ಯಾಪಾರಿಗಳಿಂದ ಸರಕು ಪಡೆಯುವ ಚಿಲ್ಲರೆ ವರ್ತಕರಿಗೆ ಚೆನ್ನಾಗಿ ಗೊತ್ತು. ಕೇವಲ ಡಿಜಿಟಲ್ ಜಾಹೀರಾತು ಬಯಸುವ ಸಣ್ಣ ಉದ್ದಿಮೆದಾರನಿಗೆ ಈ ಷರತ್ತಿನಿಂದ ರಕ್ಷಣೆ ಇದೆ.

ವರ್ತಕರು, ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ಲಾಂಛನ ಮತ್ತು ಹೆಸರು: ತಂಡಗಳ ಹೆಸರು, ಲಾಂಛನ ಹಾಗೂ ಪಂದ್ಯಾವಳಿಯ ಗುರುತುಗಳು ವ್ಯಾಪಾರ ಚಿಹ್ನೆಗಳಾಗಿವೆ. ಅನುಮತಿಯಿಲ್ಲದೆ ಅವುಗಳನ್ನು ಟೀ ಶರ್ಟು, ಟೋಪಿ, ಚೀಲಗಳ ಮೇಲೆ ಮುದ್ರಿಸಿ ಮಾರಿದರೆ 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯಡಿ ಕ್ರಮ ಎದುರಿಸಬೇಕಾಗುತ್ತದೆ. ಆದರೆ ಪಂದ್ಯಾವಳಿಯ ಕಾಲದಲ್ಲಿ ಜಾಹೀರಾತು ನೀಡುವುದೇ ತಪ್ಪಲ್ಲ. 2003ರ ವಿಶ್ವಕಪ್ ಸಂದರ್ಭದಲ್ಲಿ ಫಿಲಿಪ್ಸ್ ಕಂಪನಿಯ ಮಾರಾಟಗಾರ ಸಂಸ್ಥೆಯೊಂದು ತನ್ನ ಸರಕು ಕೊಂಡವರಿಗೆ ವಿಶ್ವಕಪ್ ಟಿಕೆಟ್ ಗೆಲ್ಲುವ ಅವಕಾಶವೆಂದು ಪ್ರಚಾರ ಮಾಡಿತ್ತು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಅಂಗಸಂಸ್ಥೆಯು ದೆಹಲಿ ಉಚ್ಚ ನ್ಯಾಯಾಲಯದ ಮೊರೆ ಹೊಕ್ಕರೂ, ಅಧಿಕೃತ ಲಾಂಛನ ಬಳಸಿಲ್ಲ ಹಾಗೂ ತಾನೇ ಪ್ರಾಯೋಜಕನೆಂದು ಹೇಳಿಕೊಂಡಿಲ್ಲ ಎಂಬ ಕಾರಣಕ್ಕೆ ತಡೆಯಾಜ್ಞೆ ದೊರೆಯಲಿಲ್ಲ. ‘ಕ್ರಿಕೆಟ್ ಹಬ್ಬದ ರಿಯಾಯಿತಿ’ ಎಂದು ಫಲಕ ಹಾಕಬಹುದು. ತಂಡದ ಲಾಂಛನವನ್ನೋ ಆಟಗಾರನ ಭಾವಚಿತ್ರವನ್ನೋ ಅದರ ಪಕ್ಕದಲ್ಲಿ ಅಂಟಿಸಬಾರದು.

2. ಹೋಟೆಲು ಮತ್ತು ಸಭಾಂಗಣ: 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಕಾರ ಪ್ರಸಾರಕರಿಗೆ ತಮ್ಮ ಪ್ರಸಾರದ ಮೇಲೆ 25 ವರ್ಷಗಳ ವಿಶೇಷ ಹಕ್ಕು ಇದೆ. ಹಣ ಪಡೆದು ಪ್ರಸಾರವನ್ನು ಸಾರ್ವಜನಿಕರಿಗೆ ತೋರಿಸುವುದು ಅದರ ಉಲ್ಲಂಘನೆ. ಕಲ್ಯಾಣ ಮಂಟಪ ಅಥವಾ ಮೈದಾನದಲ್ಲಿ ದೊಡ್ಡ ಪರದೆ ಹಾಕಿ ಟಿಕೆಟ್ ಮಾರುವವರು ಮೊದಲು ಹಕ್ಕುದಾರರ ಲಿಖಿತ ಅನುಮತಿ ಪಡೆಯಬೇಕು. ಹೋಟೆಲು, ಬಾರ್, ವಸತಿಗೃಹಗಳವರು ಮನೆಬಳಕೆಯ ಸಂಪರ್ಕವನ್ನೇ ವ್ಯಾಪಾರ ಸ್ಥಳದಲ್ಲಿ ಬಳಸದೆ ವಾಣಿಜ್ಯ ಸಂಪರ್ಕದ ವಿವರವನ್ನು ತಮ್ಮ ಆಪರೇಟರಿನಿಂದ ಪಡೆಯುವುದು ಕ್ಷೇಮ.

3. ಸ್ಥಳೀಯ ಜಾಹೀರಾತು: ಕ್ರೀಡಾ ವಾಹಿನಿಯ ಕನ್ನಡ ಪ್ರಸಾರದಲ್ಲಿ ನೀಡಿದ ಜಾಹೀರಾತು ಬೀದರಿನಿಂದ ಚಾಮರಾಜನಗರದವರೆಗೆ ಕಾಣುತ್ತದೆ. ದುರ್ಗಿಗುಡಿಯ ಅಂಗಡಿಗೆ ಅದರ ಬಹುಪಾಲು ವ್ಯರ್ಥ. ಮೊಬೈಲ್ ಸೇವೆಗಳಲ್ಲಿ ಊರು ಮತ್ತು ಭಾಷೆಯನ್ನು ಆಯ್ದು ಜಾಹೀರಾತು ನೀಡುವ ಅನುಕೂಲವಿರುವುದರಿಂದ ಸಣ್ಣ ವರ್ತಕರು ವಿಚಾರಿಸಬೇಕಾದದ್ದು ಅಲ್ಲಿಯೇ. ಸ್ಥಳೀಯ ಕೇಬಲ್ ವಾಹಿನಿಯಲ್ಲಿ ಜಾಹೀರಾತು ನೀಡಲು ಅಡ್ಡಿಯಿಲ್ಲ. ಆದರೆ ಪಂದ್ಯ ತೋರಿಸುತ್ತಿರುವ ವಾಹಿನಿಯ ಚಿತ್ರದ ಮೇಲೆಯೇ ಸ್ಥಳೀಯ ಜಾಹೀರಾತಿನ ಪಟ್ಟಿ ಓಡಿಸುವುದು ಪ್ರಸಾರಕರ ಸಂಕೇತವನ್ನು ತಿದ್ದಿದಂತೆ. ಅಗ್ಗದಲ್ಲಿ ಸಿಗುತ್ತದೆಂದು ಅದಕ್ಕೆ ಕೈಹಾಕಬಾರದು.

4. ಬಹುಮಾನ ಯೋಜನೆಗಳು: ಮಾರಾಟ ಹೆಚ್ಚಿಸುವ ಉದ್ದೇಶದಿಂದ ಸ್ಪರ್ಧೆ, ಲಾಟರಿ, ಅದೃಷ್ಟದ ಆಟ ನಡೆಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ‘ಇಂದು ಗೆಲ್ಲುವ ತಂಡ ಹೇಳಿ, ಮಿಕ್ಸಿ ಗೆಲ್ಲಿ’ ಎಂಬ ಬಗೆಯ ಯೋಜನೆಗಿಂತ ಕೊಂಡವರೆಲ್ಲರಿಗೂ ನಿಗದಿತ ರಿಯಾಯಿತಿ ನೀಡುವುದು ಸುರಕ್ಷಿತ.

5. ತೆರಿಗೆ: ಜಾಹೀರಾತು ಸೇವೆಗೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯ ನೋಂದಣಿ ಹೊಂದಿದ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೋಸಿಷನ್ ಪದ್ಧತಿಯಲ್ಲಿರುವವರಿಗೆ ಆ ಅವಕಾಶವಿಲ್ಲ. ಉಡುಗೊರೆಯಾಗಿ ಕೊಟ್ಟ ವಸ್ತುಗಳ ಮೇಲಿನ ತೆರಿಗೆಗೂ ಜಮೆ ದೊರೆಯುವುದಿಲ್ಲ. 32 ಇಂಚು ಮೀರಿದ ಟಿ.ವಿ.ಗಳ ಮೇಲಿನ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಅದೇ ದಿನದಿಂದ ಐ.ಪಿ.ಎಲ್. ಪಂದ್ಯಗಳ ಟಿಕೆಟ್ ಮೇಲಿನ ತೆರಿಗೆ ಶೇ. 28ರಿಂದ ಶೇ. 40ಕ್ಕೆ ಏರಿತು. ಬೆಂಗಳೂರಿಗೆ ಹೋಗಿ ಪಂದ್ಯ ನೋಡುವುದು ದುಬಾರಿಯಾಗಿ, ಮನೆಗೆ ದೊಡ್ಡ ಟಿ.ವಿ. ತರುವುದು ಅಗ್ಗವಾದದ್ದು ಎಲೆಕ್ಟ್ರಾನಿಕ್ಸ್ ವರ್ತಕರಿಗೆ ಅನುಕೂಲಕರ ಅಂಶ.

6. ಋತುವಿನ ಅನಿಶ್ಚಿತತೆ: ಬೇಸಿಗೆಯ ಪಂದ್ಯಾವಳಿ ಬೇಸಿಗೆಯಲ್ಲೇ, ಗೊತ್ತುಪಡಿಸಿದ ದಿನದಂದೇ ನಡೆಯುತ್ತದೆಂಬ ಖಾತರಿಯಿಲ್ಲ. 2009ರಲ್ಲಿ ಚುನಾವಣೆಯ ಕಾರಣ ಅದು ದಕ್ಷಿಣ ಆಫ್ರಿಕಕ್ಕೆ ಹೋಯಿತು. 2020ರಲ್ಲಿ ಕೊರೋನಾ ಕಾರಣ ಸೆಪ್ಟೆಂಬರ್‌ವರೆಗೆ ಮುಂದೆ ಹೋಯಿತು. 2021ರಲ್ಲಿ ಮೇ ತಿಂಗಳಲ್ಲಿ ಅರ್ಧಕ್ಕೆ ನಿಂತಿತು. 2025ರಲ್ಲಿ ಗಡಿಯ ಉದ್ವಿಗ್ನತೆಯಿಂದ ಮೇ 9ರಂದು ನಿಂತ ಪಂದ್ಯಾವಳಿ ಮೇ 17ರಂದು ಪುನರಾರಂಭವಾಗಿ, ಮೇ 25ರ ಅಂತಿಮ ಪಂದ್ಯ ಜೂನ್ 3ಕ್ಕೆ ಹೋಯಿತು. ದಿನಾಂಕ ಮುದ್ರಿಸಿದ ಕರಪತ್ರ, ಒಂದೇ ಋತುವಿಗೆ ಹೊಂದುವ ಸರಕು ಇವುಗಳಲ್ಲಿ ಹೆಚ್ಚು ಬಂಡವಾಳ ತೊಡಗಿಸುವುದು ವಿವೇಕವಲ್ಲ.

ಮುಂದೇನು?

ಈಗಿನ ಹಕ್ಕುಗಳು 2027ರ ಋತುವಿನೊಂದಿಗೆ ಮುಗಿಯುತ್ತವೆ. 2022ರಲ್ಲಿ ಬೆಲೆ ಏರಿಸಿದ ಎರಡು ದೊಡ್ಡ ಪೈಪೋಟಿದಾರರು ಈಗ ಒಂದೇ ಮನೆಯವರು. ಹೊಸ ಗಿರಾಕಿಗಳು ಬಾರದಿದ್ದರೆ ಕ್ರಿಕೆಟ್ ಮಂಡಳಿಗೆ ಸಿಗುವ ಬೆಲೆ ಹಿಂದಿನ ವೇಗದಲ್ಲಿ ಏರಲಾರದು. ಆದರೆ ಹಕ್ಕಿನ ಬೆಲೆ ಇಳಿದರೆ ಚಂದಾ ಮತ್ತು ಜಾಹೀರಾತಿನ ದರವೂ ಇಳಿಯುತ್ತದೆಂದು ಭಾವಿಸುವಂತಿಲ್ಲ. ಕೊಳ್ಳುವ ಕಡೆ ಒಬ್ಬನೇ ಇದ್ದರೆ ಮಾರುವವನಿಗೆ ನಷ್ಟ. ಆ ಒಬ್ಬನೇ ಮುಂದೆ ಮಾರಾಟಗಾರನೂ ಆದರೆ ಬಳಕೆದಾರನಿಗೂ ನಷ್ಟ. ಅಡಿಕೆ ಪೇಟೆಯಲ್ಲಿ ಟೆಂಡರಿಗೆ ಬರುವ ಖರೀದಿದಾರರ ಸಂಖ್ಯೆ ಎಷ್ಟೆಂಬುದರ ಮೇಲೆ ಬೆಳೆಗಾರ ಕಣ್ಣಿಡುವಂತೆ, ಮುಂದಿನ ಹರಾಜಿಗೆ ಎಷ್ಟು ಮಂದಿ ಬರುತ್ತಾರೆಂಬುದರ ಮೇಲೆ ವರ್ತಕರೂ ಕಣ್ಣಿಡಬೇಕು.

ಅಲ್ಲಿಯವರೆಗೆ ಸ್ಥಳೀಯ ವರ್ತಕರಿಗೆ ಇನ್ನೊಂದು ದಾರಿಯೂ ಇದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು 2022ರಿಂದ ನಡೆಸುತ್ತಿರುವ ಮಹಾರಾಜ ಟ್ರೋಫಿ ಟಿ20 ಪಂದ್ಯಾವಳಿಯಲ್ಲಿ ಶಿವಮೊಗ್ಗದ ಹೆಸರಿನ ತಂಡ ಆಡುತ್ತಿದೆ. ಅದರ ವೀಕ್ಷಕರು ಕಡಿಮೆ, ಆದರೆ ಹೆಚ್ಚಿನವರು ರಾಜ್ಯದವರೇ. ದೇಶವೆಲ್ಲ ನೋಡುವ ಪಂದ್ಯದ ಹತ್ತು ಸೆಕೆಂಡಿಗೆ ಕೈಚಾಚುವ ಬದಲು ಊರಿನ ಹೆಸರಿನ ತಂಡದ ಬೆನ್ನಿಗೆ ನಿಲ್ಲುವುದು ಸಣ್ಣ ಉದ್ದಿಮೆದಾರರ ಕೈಗೆಟಕುವ ಪ್ರಚಾರವಾಗಬಲ್ಲದು. ಯಾವ ದಾರಿ ಹಿಡಿದರೂ ಹಣ ಕೊಡುವ ಮೊದಲು ಮೂರು ಸಂಗತಿಗಳನ್ನು ಲಿಖಿತದಲ್ಲಿ ಪಡೆಯುವುದು ಅಗತ್ಯ: ಮಾರುವವನ ಬಳಿ ಯಾವ ಹಕ್ಕಿದೆ, ಅದು ಎಲ್ಲಿಯವರೆಗೆ ಚಲಾವಣೆಯಲ್ಲಿರುತ್ತದೆ, ಪಂದ್ಯ ನಡೆಯದಿದ್ದರೆ ಹಣ ಹಿಂದಕ್ಕೆ ಬರುತ್ತದೆಯೇ.